ಪೆಟ್ಟಿಗೆ ಕೇಳುತ್ತದೆ ಸರಿ, ತಡೆಯುತ್ತದೆಯೇ? ವಿಂಡೋಸ್‌ನ ಯುಎಸಿ ಬಳಸಿ ಕಂಡದ್ದು

ವಿಂಡೋಸ್ ಬಳಸುವ ಎಲ್ಲರಿಗೂ ಆ ಪೆಟ್ಟಿಗೆಯ ಮುಖಪರಿಚಯ ಇದ್ದೇ ಇರುತ್ತದೆ. ಏನಾದರೂ ಇನ್‌ಸ್ಟಾಲ್ ಮಾಡಲು ಹೊರಟರೆ ಸಾಕು, ಸ್ಕ್ರೀನ್ ಮಂಕಾಗಿ, ನಡುವೆ ಒಂದು ಕಿಟಕಿ ತೆರೆದುಕೊಂಡು, ಈ ಆ್ಯಪ್ ನಿಮ್ಮ ಸಾಧನದಲ್ಲಿ ಬದಲಾವಣೆ ಮಾಡಬಹುದೇ ಎಂದು ಕೇಳುತ್ತದೆ. ಅದರ ಪೂರ್ತಿ ಹೆಸರು ಯೂಸರ್ ಅಕೌಂಟ್ ಕಂಟ್ರೋಲ್, ಬಾಯಿಮಾತಿನಲ್ಲಿ ಯುಎಸಿ. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡಾದ್ದರಿಂದ ವಿಸ್ತಾ ಕಾಲದಿಂದ ಇಂದಿನ ವಿಂಡೋಸ್ 11ರವರೆಗೆ ಈ ಪೆಟ್ಟಿಗೆಯ ಜತೆಗೇ ಏಗಿದ್ದೇನೆ. ಈ ವಿಮರ್ಶೆ ಅದೊಂದರದ್ದೇ, ಇಡೀ ವಿಂಡೋಸ್‌ನದ್ದಲ್ಲ.

ಮೊದಲೇ ಹೇಳಿಬಿಡುತ್ತೇನೆ. ಯುಎಸಿ ಒಳ್ಳೆಯ ಸೌಲಭ್ಯ, ದಯವಿಟ್ಟು ಆಫ್ ಮಾಡಬೇಡಿ. ಆದರೆ ದಿನವಿಡೀ ಅಡ್ಮಿನ್ ಅಕೌಂಟಿನಲ್ಲೇ, ಅಂದರೆ ಕಂಪ್ಯೂಟರಿನಲ್ಲಿ ಏನನ್ನಾದರೂ ಬದಲಿಸುವ ಅಧಿಕಾರವಿರುವ ಅಕೌಂಟಿನಲ್ಲೇ ಕೂತು, ಯುಎಸಿ ಇದೆಯಲ್ಲ ಎಂದು ನಿಶ್ಚಿಂತರಾಗಿರುವವರಿಗೆ ಅದು ಕೊಡುವ ರಕ್ಷಣೆ ಅವರು ಅಂದುಕೊಂಡಷ್ಟಿಲ್ಲ. ಅದನ್ನು ಸದ್ದಿಲ್ಲದೆ ದಾಟುವ ದಾರಿಗಳು 2009ರಿಂದಲೇ ಬಹಿರಂಗವಾಗಿವೆ. ಇದನ್ನು ಭದ್ರತಾ ದೋಷ ಎನ್ನಬೇಕೋ ಬೇಡವೋ ಎಂಬ ಜಗಳವೂ ಅಷ್ಟೇ ಹಳೆಯದು. ಮೈಕ್ರೋಸಾಫ್ಟ್ ಅಲ್ಲ ಎನ್ನುತ್ತದೆ. ನಾನು ಹೌದು ಎನ್ನುವ ಪಕ್ಷ. ನನ್ನ ದೂರು ಮಾತ್ರ ಪೆಟ್ಟಿಗೆಯ ಮೇಲಲ್ಲ. ಹೊಸ ಕಂಪ್ಯೂಟರ್ ಸೆಟಪ್ ಮಾಡುವಾಗ ತಾನಾಗಿ ಹುಟ್ಟಿಕೊಳ್ಳುವ ಮೊದಲ ಅಕೌಂಟು ಅಡ್ಮಿನ್ ಆಗಿಯೇ ಇರುತ್ತದಲ್ಲ, ಅದರ ಮೇಲೆ.

ಎಕ್ಸ್‌ಪಿ ಕಾಲ ನೆನಪಿದ್ದವರಿಗೆ ಇದರ ಮೂಲ ಗೊತ್ತಿರುತ್ತದೆ. ಆಗ ಮನೆಯ ಕಂಪ್ಯೂಟರಿನಲ್ಲಿ ಎಲ್ಲರೂ ಅಡ್ಮಿನ್‌ಗಳೇ. ಬ್ರೌಸರ್ ಕೂಡ ಅಡ್ಮಿನ್ ಅಧಿಕಾರದಲ್ಲೇ ಓಡುತ್ತಿತ್ತು, ಅದರ ಮೂಲಕ ಒಳಬಂದ ಹುಳುವಿಗೂ ಅದೇ ಅಧಿಕಾರ ಸಿಗುತ್ತಿತ್ತು. 2007ರ ಜನವರಿಯಲ್ಲಿ ಬಂದ ವಿಸ್ತಾ ಇದಕ್ಕೊಂದು ಉಪಾಯ ಹುಡುಕಿತು. ಅಡ್ಮಿನ್ ಲಾಗಿನ್ ಆದ ಕೂಡಲೇ ಎರಡು ಟೋಕನ್, ಅಂದರೆ ಅಧಿಕಾರದ ಚೀಟಿಗಳು, ತಯಾರಾಗುತ್ತವೆ: ಒಂದು ಪೂರ್ತಿ ಅಧಿಕಾರದ್ದು, ಇನ್ನೊಂದು ಅಧಿಕಾರ ಕತ್ತರಿಸಿದ್ದು. ಡೆಸ್ಕ್‌ಟಾಪ್, ಬ್ರೌಸರ್, ಎಕ್ಸೆಲ್ ಎಲ್ಲ ಓಡುವುದು ಎರಡನೆಯದರಲ್ಲಿ. ಯಾವುದಾದರೂ ಪ್ರೋಗ್ರಾಮಿಗೆ ಮೊದಲನೆಯದು ಬೇಕಾದಾಗ ಆ ಪೆಟ್ಟಿಗೆ ಬಂದು ಕೇಳುತ್ತದೆ. ಉಪಾಯವೇನೋ ಚೆನ್ನಾಗಿದೆ. ಆದರೆ ಎರಡೂ ಟೋಕನ್ ಒಬ್ಬನದ್ದೇ. ಅದೇ ಪ್ರೊಫೈಲ್, ಅದೇ ಫೋಲ್ಡರುಗಳು, ಬಳಕೆದಾರನ ಪಾಲಿನ ಅದೇ ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ). ಕಡಿಮೆ ಅಧಿಕಾರದವನು ಬರೆದಿಟ್ಟದ್ದನ್ನು ಹೆಚ್ಚಿನ ಅಧಿಕಾರದವನು ಓದುತ್ತಾನೆ. ಮುಂದಿನ ತಂಟೆಯೆಲ್ಲ ಬಹುಪಾಲು ಇಲ್ಲಿಂದಲೇ ಶುರು.

ವಿಸ್ತಾ ಎಷ್ಟು ಕೇಳುತ್ತಿತ್ತೆಂದರೆ ಜನ ರೋಸಿಹೋದರು. 2008ರಲ್ಲಿ ಆರ್‌ಎಸ್‌ಎ ಎಂಬ ಕಂಪ್ಯೂಟರ್ ಭದ್ರತಾ ಸಮ್ಮೇಳನದಲ್ಲಿ ಮೈಕ್ರೋಸಾಫ್ಟ್‌ನ ಡೇವಿಡ್ ಕ್ರಾಸ್, ಬಳಕೆದಾರರಿಗೆ ಕಿರಿಕಿರಿ ಮಾಡುವುದಕ್ಕೇ ಇದನ್ನು ಇಟ್ಟದ್ದು ಎಂಬರ್ಥದ ಮಾತನ್ನು ನೇರವಾಗಿ ಹೇಳಿಬಿಟ್ಟರು. ಕಿರಿಕಿರಿಯಾದ ಜನ ಸಾಫ್ಟ್‌ವೇರ್ ಮಾಡಿದವರನ್ನು ಬೈಯಬೇಕು, ಅವರು ಅಡ್ಮಿನ್ ಅಧಿಕಾರ ಬೇಡದಂತೆ ಪ್ರೋಗ್ರಾಮ್ ತಿದ್ದಬೇಕು ಎಂಬುದು ಲೆಕ್ಕಾಚಾರ. ಆ ಲೆಕ್ಕ ಫಲಿಸಿತು ಎಂದೇ ನನ್ನ ಅನಿಸಿಕೆ. ಇವತ್ತು ಸಾಮಾನ್ಯ ಪ್ರೋಗ್ರಾಮುಗಳು ಅಡ್ಮಿನ್ ಇಲ್ಲದೆಯೇ ಓಡುತ್ತವೆ ಎಂದರೆ ಅದರ ಪುಣ್ಯದಲ್ಲಿ ವಿಸ್ತಾದ ಪಾಲೂ ಇದೆ, ಪಾಪ ಅದನ್ನು ಯಾರೂ ಹೊಗಳುವುದಿಲ್ಲ.

2009ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 7 ಕಿರಿಕಿರಿ ಇಳಿಸಲು ನಾಲ್ಕು ಮಟ್ಟದ ಸ್ಲೈಡರ್ ಕೊಟ್ಟಿತು. ಕಾರ್ಖಾನೆಯಿಂದ ಬರುವಾಗ ಅದು ಇರುವುದು ಮೇಲಿನಿಂದ ಎರಡನೆಯ ಮಟ್ಟದಲ್ಲಿ. ಆ ಮಟ್ಟದಲ್ಲಿ ವಿಂಡೋಸ್‌ನದೇ ಕೆಲವು ಪ್ರೋಗ್ರಾಮುಗಳು, ಅಂದರೆ ಮೈಕ್ರೋಸಾಫ್ಟ್ ಸಹಿ ಇದ್ದು, ಸಿಸ್ಟಮ್ ಫೋಲ್ಡರಿನಲ್ಲಿದ್ದು, ತಮ್ಮೊಳಗೆ ಅಂಥದೊಂದು ಗುರುತು ಹೊತ್ತಿರುವಂಥವು, ಕೇಳದೆಯೇ ಪೂರ್ತಿ ಅಧಿಕಾರ ಪಡೆಯುತ್ತವೆ. ಅನುಕೂಲಕ್ಕೆಂದು ಮಾಡಿದ ಈ ರಿಯಾಯಿತಿ ಪೇಟೆಗೆ ಬರುವ ಮೊದಲೇ ಸಿಕ್ಕಿಬಿತ್ತು. ಬೀಟಾ ಓಡುತ್ತಿದ್ದಾಗಲೇ, 2009ರ ಜನವರಿ ಕೊನೆಗೆ, ಬ್ಲಾಗ್ ಬರೆಯುವ ಲಾಂಗ್ ಜೆಂಗ್ ಮತ್ತು ರಫೇಲ್ ರಿವೇರಾ ಒಂದು ಪುಟ್ಟ ಸ್ಕ್ರಿಪ್ಟ್ ತೋರಿಸಿದರು. ಅದು ಮಾಡಿದ್ದಿಷ್ಟೆ: ಕೀಬೋರ್ಡ್ ಒತ್ತಿದಂತೆ ನಟಿಸಿ ಕಂಟ್ರೋಲ್ ಪ್ಯಾನೆಲ್ ತೆರೆದು, ಆ ಸ್ಲೈಡರನ್ನೇ ಕೆಳಕ್ಕೆ ಎಳೆದುಬಿಟ್ಟಿತು. ವಿಂಡೋಸ್ ಸೆಟ್ಟಿಂಗ್ ಬದಲಿಸಿದರೆ ಕೇಳಬೇಡ ಎಂಬುದೇ ನಿಯಮವಾದ್ದರಿಂದ ಯುಎಸಿ ತನ್ನನ್ನೇ ಆಫ್ ಮಾಡುವಾಗಲೂ ತುಟಿ ಪಿಟಕ್ಕೆನ್ನಲಿಲ್ಲ.

ಮೈಕ್ರೋಸಾಫ್ಟ್‌ನ ಮೊದಲ ಉತ್ತರ, ಇದು ಉದ್ದೇಶಪೂರ್ವಕ ವಿನ್ಯಾಸ, ದೋಷವಲ್ಲ. ಸ್ಕ್ರಿಪ್ಟ್ ಓಡಬೇಕೆಂದರೆ ಕೆಟ್ಟ ಪ್ರೋಗ್ರಾಮ್ ಮೊದಲೇ ಒಳಗೆ ಬಂದಿರಬೇಕಲ್ಲ ಎಂದು. ಕೂಗು ಜೋರಾಯಿತು. ಫೆಬ್ರವರಿ ಮೊದಲ ವಾರದಲ್ಲೇ ಕಂಪನಿಯಲ್ಲಿ ವಿಂಡೋಸ್‌ನ ಹೊಣೆ ಹೊತ್ತಿದ್ದ ಸ್ಟೀವನ್ ಸಿನೊಫ್‌ಸ್ಕಿ ಮತ್ತು ಜಾನ್ ಡಿವಾನ್ ಮೆತ್ತಗಾಗಿ, ಸ್ಲೈಡರ್ ಬದಲಿಸುವಾಗ ಕೇಳಿಯೇ ಕೇಳುತ್ತೇವೆ ಎಂದು ಒಪ್ಪಿಕೊಂಡರು. ಆ ಒಂದು ತೂತು ಮುಚ್ಚಿತು. ರಿಯಾಯಿತಿ ಮಾತ್ರ ಹಾಗೇ ಉಳಿಯಿತು, ಈಗಲೂ ಇದೆ.

ನನ್ನ ಜತೆ ಕೆಲಸ ಮಾಡುವ, ಕೋಡ್ ಬರೆಯುವ ಒಬ್ಬರ ಜತೆ ಈ ವಿಷಯಕ್ಕೆ ವಾಗ್ವಾದ ಆಗುತ್ತಲೇ ಇರುತ್ತದೆ. ಅವರ ವಾದ ಚೊಕ್ಕವಾಗಿದೆ. "ನೋಡಿ ಸರ್, ಅಡ್ಮಿನ್ ಅಡ್ಮಿನ್ನೇ ಆಗುವುದರಲ್ಲಿ ದೋಷ ಎಲ್ಲಿಂದ ಬಂತು? ಕೀಲಿ ಅವನ ಜೇಬಿನಲ್ಲೇ ಇದೆ. ಅವನ ಹೆಸರಿನಲ್ಲಿ ಓಡುವ ಪ್ರೋಗ್ರಾಮ್ ಅದನ್ನು ತೆಗೆದುಕೊಂಡರೆ ಅದು ಗಡಿ ದಾಟಿದ ಹಾಗಲ್ಲ. ಗಡಿಯೇ ಇರಲಿಲ್ಲ." ಮೈಕ್ರೋಸಾಫ್ಟ್ ಹೇಳುವುದೂ ಇದನ್ನೇ. ಯಾವುದನ್ನು ಭದ್ರತೆಯ ಗಡಿ ಎಂದು ಪರಿಗಣಿಸಿ ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಕೊಡುತ್ತೇವೆ ಎಂದು ಕಂಪನಿ ಬಹಿರಂಗ ಪಟ್ಟಿ ಇಟ್ಟಿದೆ. ಒಬ್ಬ ಬಳಕೆದಾರನಿಗೂ ಇನ್ನೊಬ್ಬನಿಗೂ ನಡುವಿನದ್ದು ಅದರಲ್ಲಿ ಗಡಿ, ಯುಎಸಿ ಗಡಿಯಲ್ಲ.

ಈ ವ್ಯತ್ಯಾಸ ಬರೀ ಕಾಗದದ ಮೇಲಿನದ್ದಲ್ಲ ಎಂಬುದನ್ನು ಒಪ್ಪುತ್ತೇನೆ. 2021ರ ಜುಲೈನಲ್ಲಿ ವಿಂಡೋಸ್ 10ರ ಪಾಸ್‌ವರ್ಡ್ ಹ್ಯಾಶ್‌ಗಳು, ಅಂದರೆ ಪಾಸ್‌ವರ್ಡುಗಳ ಗುಪ್ತರೂಪಗಳು ಇರುವ ಸ್ಯಾಮ್ ಫೈಲನ್ನು ಸಾಮಾನ್ಯ ಬಳಕೆದಾರನೂ ಓದಬಹುದು ಎಂದು ಗೊತ್ತಾದಾಗ ಯಾರೂ ವಾದಕ್ಕಿಳಿಯಲಿಲ್ಲ. ಕೂಡಲೇ ದೋಷಸಂಖ್ಯೆ ಸಿಕ್ಕಿತು, ಮುಂದಿನ ತಿಂಗಳು ಪ್ಯಾಚ್ ಬಂತು, ವಿಂಡೋಸ್ ತೆಗೆದಿಟ್ಟ ಹಳೆಯ ನಕಲುಗಳನ್ನು, ಅಂದರೆ ಶ್ಯಾಡೋ ಕಾಪಿಗಳನ್ನು ನಾವೇ ಕೈಯಾರೆ ಅಳಿಸಬೇಕಾಯಿತು. ಮ್ಯಾಕ್‌ನಲ್ಲೂ ಅಷ್ಟೇ. 2017ರ ನವೆಂಬರ್ 28ರಂದು ಹೈ ಸಿಯೆರಾದಲ್ಲಿ ಬಳಕೆದಾರನ ಹೆಸರಿಗೆ ರೂಟ್ ಎಂದು ಬರೆದು, ಪಾಸ್‌ವರ್ಡ್ ಖಾಲಿ ಬಿಟ್ಟು, ಒಂದೆರಡು ಸಲ ಬಟನ್ ಒತ್ತಿದರೆ ಪೂರ್ತಿ ಅಧಿಕಾರ ಸಿಗುತ್ತದೆ ಎಂದು ಬಯಲಾಯಿತು. ಆಪಲ್ ಮರುದಿನವೇ ಪ್ಯಾಚ್ ಕಳಿಸಿತು. ಪಾಸ್‌ವರ್ಡೇ ಇಲ್ಲದೆ ಒಳಗೆ ಬಿಡುವ ಬಾಗಿಲಿಗೆ ವಿನ್ಯಾಸ ಎಂಬ ಸಮಜಾಯಿಷಿ ಕೊಡಲು ಯಾರಿಗೂ ಬಾಯಿ ಬರುವುದಿಲ್ಲ.

ಹಾಗಾದರೆ ಯುಎಸಿ ವಿಷಯದಲ್ಲಿ ನನ್ನ ತಕರಾರೇನು? ಅದು ಬಾಗಿಲಲ್ಲ, ಪರದೆ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಸರಿ. ಆದರೆ ಅದನ್ನು ನೇತುಹಾಕಿರುವುದು ಬಾಗಿಲ ಚೌಕಟ್ಟಿಗೆ, ಮೇಲೊಂದು ಗುರಾಣಿಯ ಚಿತ್ರ ಬೇರೆ. ಆ ಗಡಿಗಳ ಪಟ್ಟಿ ಓದದ ಸಾಮಾನ್ಯ ಮನುಷ್ಯನಿಗೆ ಅದು ಪರದೆ ಎಂದು ಗೊತ್ತಾಗುವ ಬಗೆ ಹೇಗೆ?

ಈ ಮಾತು ಬರೀ ತರ್ಕದ್ದಾಗಬಾರದೆಂದು ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ಓಡುವ ವರ್ಚುವಲ್ ಮೆಷಿನ್ ಒಂದರಲ್ಲಿ ಹಳೆಯ ವಿಂಡೋಸ್ 10 ಹಾಕಿ ನೋಡಿದೆ. 2016ರಲ್ಲಿ ಈವೆಂಟ್ ವ್ಯೂವರ್ ಮೂಲಕ, ಮರುವರ್ಷ ಫಾಡ್‌ಹೆಲ್ಪರ್ ಎಂಬ ಇನ್ನೊಂದು ಸಿಸ್ಟಮ್ ಪ್ರೋಗ್ರಾಮಿನ ಮೂಲಕ ಯುಎಸಿ ದಾಟುವ ವಿಧಾನಗಳು ಪ್ರಕಟವಾಗಿದ್ದವು. ಎರಡರ ಹೂರಣ ಒಂದೇ. ಈ ಪ್ರೋಗ್ರಾಮುಗಳು ಕೇಳದೆಯೇ ಪೂರ್ತಿ ಅಧಿಕಾರ ಪಡೆಯುವ ಜಾತಿಗೆ ಸೇರಿದವು. ಮುಂದೇನು ತೆರೆಯಬೇಕೆಂದು ರಿಜಿಸ್ಟ್ರಿಯನ್ನು ಕೇಳುತ್ತವೆ. ರಿಜಿಸ್ಟ್ರಿಯಲ್ಲಿ ಮೊದಲು ನೋಡುವುದು ಬಳಕೆದಾರ ತಾನೇ ತಿದ್ದಬಹುದಾದ ಭಾಗವನ್ನು. ಅಲ್ಲಿ ಬೇರೆ ಪ್ರೋಗ್ರಾಮಿನ ಹೆಸರು ಕೂತಿದ್ದರೆ ಅದೇ ಓಡುತ್ತದೆ, ಪೂರ್ತಿ ಅಧಿಕಾರದಲ್ಲಿ. ನನ್ನ ಮೆಷಿನ್‌ನಲ್ಲಿ ಸ್ಕ್ರೀನ್ ಮಂಕಾಗಲೂ ಇಲ್ಲ, ಪೆಟ್ಟಿಗೆ ಬರಲೂ ಇಲ್ಲ. ಒಂದು ಕಪ್ಪು ಕಿಟಕಿ ತೆರೆದುಕೊಂಡಿತು, ಅದರ ನೆತ್ತಿಯ ಮೇಲೆ ಅಡ್ಮಿನಿಸ್ಟ್ರೇಟರ್ ಎಂದು ಬರೆದಿತ್ತು. ಅದೇ ಕೆಲಸವನ್ನು ಅಡ್ಮಿನ್ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಅಕೌಂಟಿನಿಂದ ಮಾಡಲು ಹೋದರೆ ಅದು ನಡೆಯಲಿಲ್ಲ. ಕದಿಯಲು ಆ ಅಕೌಂಟಿನಲ್ಲಿ ಪೂರ್ತಿ ಅಧಿಕಾರದ ಟೋಕನ್ನೇ ಇರುವುದಿಲ್ಲವಲ್ಲ! ಸ್ಲೈಡರನ್ನು ತುತ್ತತುದಿಗೆ ಏರಿಸಿದಾಗಲೂ ಈ ಎರಡು ದಾರಿ ಮುಚ್ಚುತ್ತವೆ, ಪೆಟ್ಟಿಗೆ ಬಂದೇ ಬರುತ್ತದೆ. ಆದರೆ ಅದೇ ಕೊನೆಯ ಮಾತಲ್ಲ. ಆ ಮಟ್ಟದಲ್ಲೂ ಡಿಸ್ಕ್ ಕ್ಲೀನಪ್‌ನ ನಿಗದಿತ ಕೆಲಸವೊಂದನ್ನು ಬಳಸಿ ದಾಟಬಹುದೆಂದು ಭದ್ರತಾ ಸಂಶೋಧಕ ಜೇಮ್ಸ್ ಫೋರ್‌ಶಾ 2017ರಲ್ಲಿ ತೋರಿಸಿದ್ದಾರೆ. ಇಂಥ ಹಳೆಯ ತಂತ್ರಗಳನ್ನು ವಿಂಡೋಸ್‌ನದೇ ಆಂಟಿವೈರಸ್ ಆದ ಇಂದಿನ ಡಿಫೆಂಡರ್ ಗುರುತಿಸಿ ಹಿಡಿಯುತ್ತದೆ, ಅದು ನಿಜ. ಹಿಡಿಯುವುದು ಆಂಟಿವೈರಸ್, ಯುಎಸಿ ಅಲ್ಲ ಎಂಬುದೂ ಅಷ್ಟೇ ನಿಜ.

ಇಷ್ಟಕ್ಕೂ ಅಡ್ಮಿನ್ ಅಧಿಕಾರ ಸಿಕ್ಕರೆಷ್ಟು, ಬಿಟ್ಟರೆಷ್ಟು ಎಂದು ಕೇಳುವವರಿದ್ದಾರೆ. ನಮ್ಮ ಫೋಟೋ, ಪತ್ರ, ಬ್ರೌಸರಿನಲ್ಲಿ ಉಳಿಸಿಟ್ಟ ಲಾಗಿನ್ ಇವನ್ನೆಲ್ಲ ಮುಟ್ಟಲು ಮಾಲ್‌ವೇರ್‌ಗೆ ಅಡ್ಮಿನ್ ಬೇಕಿಲ್ಲ, ನಮ್ಮ ಅಕೌಂಟೇ ಸಾಕು. ಆಫ್ರಿಕಾಕ್ಕೆ ಹೋದರೂ ಅಮೆರಿಕಕ್ಕೆ ಹೋದರೂ ಇದೇ ವಾದ ಕೇಳಿಸುತ್ತದೆ, ಅದರಲ್ಲಿ ಹುರುಳೂ ಇದೆ. ಒಪ್ಪದಿರುವುದು ಅಲ್ಲಿಗೇ ನಿಲ್ಲುವುದನ್ನು. ರ‍್ಯಾನ್ಸಮ್‌ವೇರ್ ಫೈಲುಗಳನ್ನು ಬೀಗ ಹಾಕುವ ಹೊತ್ತಿಗೆ ವಿಂಡೋಸ್ ತಾನೇ ತೆಗೆದಿಟ್ಟ ಶ್ಯಾಡೋ ಕಾಪಿಗಳನ್ನು ಅಳಿಸಲು ನೋಡುತ್ತದೆ, ಮರಳಿ ಪಡೆಯಲು ಏನೂ ಉಳಿಯಬಾರದೆಂದು. ಆ ಅಳಿಸುವ ಆಜ್ಞೆಗೆ ಅಡ್ಮಿನ್ ಬೇಕೇ ಬೇಕು. ಡಿಫೆಂಡರ್‌ಗೆ ವಿನಾಯಿತಿ ಪಟ್ಟಿ ಸೇರಿಸಲು, ಸರ್ವೀಸ್ ಆಗಿ ಬೇರೂರಲು, ಅದೇ ಕಂಪ್ಯೂಟರಿನ ಉಳಿದವರ ಫೋಲ್ಡರಿಗೆ ಕೈ ಹಾಕಲು ಕೂಡ ಬೇಕು. ಮಾಲ್‌ವೇರ್ ಬರೆಯುವವರು ಯುಎಸಿ ದಾಟಲು ಇಷ್ಟು ತಲೆ ಕೆಡಿಸಿಕೊಳ್ಳುವುದು ಸುಮ್ಮನೆ ಅಲ್ಲ. ದಾಳಿಗಾರರ ವಿಧಾನಗಳನ್ನು ಪಟ್ಟಿ ಮಾಡುವ ಮೈಟರ್ ಅಟ್ಯಾಕ್‌ನಲ್ಲಿ ಯುಎಸಿ ದಾಟುವುದಕ್ಕೆ ಪ್ರತ್ಯೇಕ ನಮೂದೇ ಇದೆ. ದಾಳಿಗಾರನಿಗೆ ಬೆಲೆಬಾಳುವ ವಸ್ತು ನನಗೆ ಅಪಾಯವಲ್ಲ ಎಂದರೆ ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ.

ಇನ್ನು ಬಳಕೆಯ ಮಾತು. ನಾನು ನೋಡಿಕೊಳ್ಳುವ ಕಂಪ್ಯೂಟರುಗಳಲ್ಲಿ ಎಲ್ಲರಿಗೂ ಸ್ಟ್ಯಾಂಡರ್ಡ್ ಅಕೌಂಟ್. ಅಡ್ಮಿನ್ ಅಕೌಂಟ್ ಬೇರೆಯೇ ಇದೆ, ಅದರಲ್ಲಿ ಯಾರೂ ಮೇಲ್ ನೋಡುವುದಿಲ್ಲ. ಹೀಗೆ ಮಾಡಿದ ಮೇಲೆ ಪೆಟ್ಟಿಗೆ ಹೌದು-ಇಲ್ಲ ಕೇಳುವುದಿಲ್ಲ, ಆ ಇನ್ನೊಂದು ಅಕೌಂಟಿನ ಪಾಸ್‌ವರ್ಡನ್ನೇ ಕೇಳುತ್ತದೆ. ತೊಂದರೆ ಭಯಂಕರ ಇರುತ್ತದೆ ಎಂದು ಹೆದರಿಸುತ್ತಾರೆ, ಅಷ್ಟೇನಿಲ್ಲ. ಬ್ರೌಸರು, ಚಾಟ್ ಆ್ಯಪು, ಮೀಟಿಂಗ್ ಆ್ಯಪುಗಳಲ್ಲಿ ಹಲವು ಈಗ ಬಳಕೆದಾರನ ಸ್ವಂತ ಫೋಲ್ಡರಿನಲ್ಲೇ ಇನ್‌ಸ್ಟಾಲ್ ಆಗುತ್ತವೆ, ಯಾರನ್ನೂ ಕೇಳುವುದಿಲ್ಲ. (ಇದೇ ಸೌಲಭ್ಯ ಕೆಟ್ಟ ಪ್ರೋಗ್ರಾಮಿಗೂ ಇದೆ ಎಂಬುದನ್ನು ಮರೆಯಬಾರದು.) ಡ್ರೈವರ್ ಹಾಕುವಾಗ, ಗಡಿಯಾರದ ಸಮಯ ತಿದ್ದುವಾಗ, ಎಲ್ಲರಿಗೂ ಸೇರಿದ ಸಾಫ್ಟ್‌ವೇರ್ ಹಾಕುವಾಗ ಕೇಳುತ್ತದೆ. ಕೇಳಲಿ.

ನಿಜವಾಗಿ ಕಾಡಿದ್ದು ಹಳೆಯ ಕಾಲದ ಒಂದು ಲೆಕ್ಕಪತ್ರದ ಸಾಫ್ಟ್‌ವೇರ್. ಒಂದೇ ಕಂಪ್ಯೂಟರಿನಲ್ಲಿ ಪಾಳಿಯ ಮೇಲೆ ಕೂರುವ ಇಬ್ಬರು, ತಂತಮ್ಮ ಲಾಗಿನ್‌ನಿಂದ ಅದನ್ನು ತೆರೆದರೆ ಇಬ್ಬರಿಗೂ ಬೇರೆ ಬೇರೆ ಬಾಕಿ ತೋರಿಸುತ್ತಿತ್ತು. ಬೆಳಗಿನವರು ಬರೆದ ನಮೂದು ಮಧ್ಯಾಹ್ನದವರಿಗೆ ಕಾಣುತ್ತಿರಲಿಲ್ಲ. "ನಾನು ಸೇವ್ ಮಾಡಿದ್ದೇನೆ ಸರ್, ಬೇಕಾದರೆ ನೀವೇ ನೋಡಿ" ಎಂದು ಒಬ್ಬರು, "ಇಲ್ಲಿ ಏನೂ ಇಲ್ಲ" ಎಂದು ಇನ್ನೊಬ್ಬರು. ಇಬ್ಬರು ಹೇಳಿದ್ದೂ ಸತ್ಯವೇ. ಆ ಸಾಫ್ಟ್‌ವೇರ್ ತನ್ನ ಲೆಕ್ಕದ ಫೈಲನ್ನು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನೊಳಗೇ ಬರೆಯುವಂಥದ್ದು. ಸ್ಟ್ಯಾಂಡರ್ಡ್ ಅಕೌಂಟಿಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಹಳೆಯ 32 ಬಿಟ್ ಪ್ರೋಗ್ರಾಮುಗಳು ಹೀಗೆ ಮುಗ್ಗರಿಸಿ ಬೀಳಬಾರದೆಂದು ಯುಎಸಿ ಜತೆಗೇ ಬಂದ ಒಂದು ಏರ್ಪಾಡು, ಬರೆದದ್ದನ್ನು ಗುಟ್ಟಾಗಿ ಆಯಾ ಬಳಕೆದಾರನ ಫೋಲ್ಡರಿನೊಳಗಿನ ವರ್ಚುವಲ್‌ಸ್ಟೋರ್ ಎಂಬಲ್ಲಿಗೆ ತಿರುಗಿಸುತ್ತದೆ. ಓದುವಾಗಲೂ ಮೊದಲು ಅಲ್ಲಿಂದಲೇ ಕೊಡುತ್ತದೆ. ಪ್ರೋಗ್ರಾಮಿಗೆ ತಾನು ಸರಿಯಾದ ಜಾಗದಲ್ಲೇ ಬರೆದೆ ಎಂಬ ಭ್ರಮೆ. ಹೀಗೆ ಇಬ್ಬರಿಗೆ ಎರಡು ಲೆಕ್ಕದ ಪುಸ್ತಕ ಹುಟ್ಟಿಕೊಂಡಿದ್ದವು, ಒಂದೇ ಹೆಸರಿನಲ್ಲಿ.

ಆ ಸಾಫ್ಟ್‌ವೇರಿನ ಸಹಾಯವಾಣಿಗೆ ಫೋನ್ ಮಾಡಿದರೆ ಬಂದ ಸಲಹೆ ಏನು ಗೊತ್ತೇ? ಎಲ್ಲರನ್ನೂ ಅಡ್ಮಿನ್ ಮಾಡಿ, ಯುಎಸಿ ಆಫ್ ಮಾಡಿ, ಸರಿಹೋಗುತ್ತದೆ ಎಂದು! ಮಾಡಬೇಕಾದ್ದು ಅದಲ್ಲ. ಎರಡು ಪ್ರತಿಗಳನ್ನೂ ಹೊರತೆಗೆದು, ಯಾವ ನಮೂದು ಯಾವುದರಲ್ಲಿದೆ ಎಂದು ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತಾಳೆ ನೋಡಿ, ಒಂದು ಮಾಡಿದೆವು. ಆಮೇಲೆ ಲೆಕ್ಕದ ಫೈಲಿರುವ ಆ ಒಂದು ಫೋಲ್ಡರಿಗೆ ಮಾತ್ರ ಆ ಇಬ್ಬರಿಗೂ ಬರೆಯುವ ಅನುಮತಿ ಕೊಟ್ಟೆ, ವರ್ಚುವಲ್‌ಸ್ಟೋರ್‌ನ ಹಳೆಯ ಪ್ರತಿಗಳನ್ನು ತೆಗೆದುಹಾಕಿದೆ. ಸಾಫ್ಟ್‌ವೇರ್ ಈಗಲೂ ಸ್ಟ್ಯಾಂಡರ್ಡ್ ಅಕೌಂಟಿನಲ್ಲೇ ಓಡುತ್ತಿದೆ. ಯುಎಸಿಯಿಂದ ಏನೋ ಕೆಟ್ಟಿತು ಎಂದು ಕೇಳಿಬರುವ ದೂರುಗಳನ್ನು ಬಗೆದು ನೋಡಿದಾಗಲೆಲ್ಲ ಹೆಚ್ಚಾಗಿ ನನಗೆ ಸಿಕ್ಕಿದ್ದು ಇಂಥ ಅಡ್ಡಾದಿಡ್ಡಿ ಸಾಫ್ಟ್‌ವೇರೇ.

ಪೆಟ್ಟಿಗೆಯ ವಿನ್ಯಾಸದ ಬಗ್ಗೆ ಎರಡು ಮಾತು. ಸ್ಕ್ರೀನ್ ಮಂಕಾಗುವುದು ಅಲಂಕಾರಕ್ಕಲ್ಲ. ಆ ಹೊತ್ತಿಗೆ ಬೇರೆ ಪ್ರೋಗ್ರಾಮುಗಳು ಕ್ಲಿಕ್ ಮಾಡಲಾಗದ ಪ್ರತ್ಯೇಕ ಡೆಸ್ಕ್‌ಟಾಪಿಗೆ ವಿಂಡೋಸ್ ಜಾರಿರುತ್ತದೆ. ಸ್ಲೈಡರನ್ನು ಮೂರನೆಯ ಮಟ್ಟಕ್ಕೆ ಇಳಿಸಿದರೆ ಈ ಮಂಕು ಹೋಗುತ್ತದೆ, ಜತೆಗೆ ಆ ರಕ್ಷಣೆಯೂ. ಪ್ರಕಾಶಕರ ಹೆಸರಿನ ಸಾಲನ್ನು ನೋಡಿ: ಪರಿಚಿತ ಸಹಿ ಇದ್ದರೆ ಮೇಲ್ಪಟ್ಟಿ ನೀಲಿ, ಯಾರೆಂದು ತಿಳಿಯದಿದ್ದರೆ ಹಳದಿ. ಕೆಳಗೆ ಹೆಚ್ಚಿನ ವಿವರ ಎಂಬ ಕೊಂಡಿ ಒತ್ತಿದರೆ ಯಾವ ಫೋಲ್ಡರಿನಿಂದ ಏನು ಓಡಹೊರಟಿದೆ ಎಂದು ತೋರಿಸುತ್ತದೆ. ನೀಲಿ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಎಂದೇ ಬರೆದಿದ್ದರೂ ವಿವರದೊಳಗೆ ಕಮಾಂಡ್ ಪ್ರಾಂಪ್ಟಿನ ಮುಂದೆ ಉದ್ದನೆಯ ಗೊಂದಲದ ಸಾಲಿದ್ದರೆ ನಾನು ಇಲ್ಲ ಒತ್ತುತ್ತೇನೆ. ಇಷ್ಟು ಮುಖ್ಯವಾದದ್ದನ್ನು ಕೊಂಡಿಯ ಹಿಂದೆ ಬಚ್ಚಿಟ್ಟಿದ್ದಕ್ಕೆ ಅಂಕ ಕಳೆಯಲೇಬೇಕು.

ಲಿನಕ್ಸ್ ಬಳಸುವ ಗೆಳೆಯರು ನಗಬೇಕಿಲ್ಲ. ಅಲ್ಲಿ ಅಡ್ಮಿನ್ ಅಧಿಕಾರ ಕೊಡಿಸುವ ಸುಡೋ ಎಂಬ ಆಜ್ಞೆ ಪಾಸ್‌ವರ್ಡ್ ಕೇಳುತ್ತದೆ ನಿಜ, ಆದರೆ ನಿಮ್ಮ ಹೆಸರಿನಲ್ಲಿ ಓಡುವ ಕೆಟ್ಟ ಪ್ರೋಗ್ರಾಮ್ ನೀವು ಆಜ್ಞೆ ಟೈಪ್ ಮಾಡುವ ಶೆಲ್‌ನ ಸೆಟ್ಟಿಂಗ್ ಫೈಲಿನಲ್ಲಿ ಸುಡೋ ಎಂಬ ಹೆಸರಿಗೆ ಬೇರೆ ಅರ್ಥ ಕೊಟ್ಟು ಕಾಯಬಹುದು. ಮುಂದಿನ ಸಲ ನೀವೇ ಪಾಸ್‌ವರ್ಡ್ ಒಪ್ಪಿಸುತ್ತೀರಿ. ಸುಡೋ ಒಳಗೇ 2011ರಿಂದ ಇದ್ದ ದೊಡ್ಡ ದೋಷವೊಂದನ್ನು ಕ್ವಾಲಿಸ್ ಸಂಸ್ಥೆ 2021ರ ಜನವರಿಯಲ್ಲಿ ಬಯಲಿಗೆ ತಂದಿತು.

ಮೈಕ್ರೋಸಾಫ್ಟ್ ಕೊನೆಗೂ ವಾದ ಬಿಟ್ಟು ಕೆಲಸಕ್ಕಿಳಿದಂತೆ ಕಾಣುತ್ತದೆ. 2024ರ ನವೆಂಬರಿನಲ್ಲಿ ಪ್ರಕಟಿಸಿದ ಅಡ್ಮಿನಿಸ್ಟ್ರೇಟರ್ ಪ್ರೊಟೆಕ್ಷನ್‌ನಲ್ಲಿ ಒಬ್ಬನಿಗೇ ಎರಡು ಟೋಕನ್ ಎಂಬ ಪದ್ಧತಿ ಇಲ್ಲ. ಅಧಿಕಾರ ಬೇಕಾದಾಗ ವಿಂಡೋಸ್ ತಾನೇ ನಿರ್ವಹಿಸುವ ಗುಪ್ತ ಅಕೌಂಟಿನಿಂದ ಆ ಕ್ಷಣಕ್ಕೆ ಟೋಕನ್ ಹುಟ್ಟುತ್ತದೆ, ಕೆಲಸ ಮುಗಿದೊಡನೆ ಅಳಿಯುತ್ತದೆ. ಪ್ರೊಫೈಲ್ ಬೇರೆ, ರಿಜಿಸ್ಟ್ರಿಯ ಪಾಲು ಬೇರೆ. ಬರೀ ಹೌದು ಒತ್ತಿದರೆ ಸಾಲದು, ಪಿನ್ ಅಥವಾ ಬೆರಳಚ್ಚು ಕೊಡಬೇಕು. ಕೇಳದೆ ಅಧಿಕಾರ ಕೊಡುವ ಹಳೆಯ ರಿಯಾಯಿತಿಯೂ ರದ್ದು. ಇದನ್ನು ಗಡಿ ಎಂದೇ ಪರಿಗಣಿಸಿ, ದಾಟುವ ದಾರಿ ಸಿಕ್ಕರೆ ದೋಷ ಎಂದೇ ಸರಿಪಡಿಸುತ್ತೇವೆ ಎಂದೂ ಕಂಪನಿ ಹೇಳಿದೆ. ಇದನ್ನು ತೋರಿಸಿದಾಗ ನಮ್ಮ ಕೋಡ್ ಬರೆಯುವವರು, "ಹೊಸ ಗಡಿ ಕಟ್ಟಿದರು, ಹಳೆಯದು ದೋಷ ಅಂತ ಎಲ್ಲಿ ಒಪ್ಪಿದರು?" ಎಂದರು. ಅವರು ಸುಲಭಕ್ಕೆ ಸೋಲುವ ಆಸಾಮಿಯಲ್ಲ.

ಪ್ರಕಟವಾದ ರೂಪದಲ್ಲಿ ಅದು ತಾನಾಗಿ ಆನ್ ಆಗಿರುವುದಿಲ್ಲ, ನಾವೇ ಆನ್ ಮಾಡಬೇಕು. ಅದಕ್ಕಾಗಿ ಕಾಯದೆ ಇವತ್ತೇ ಮಾಡಬಹುದಾದ ಕೆಲಸ ಇದು: ಸೆಟ್ಟಿಂಗ್ಸ್‌ನಲ್ಲಿ ಹೊಸ ಅಕೌಂಟೊಂದನ್ನು ಸೇರಿಸಿ ಅದನ್ನು ಅಡ್ಮಿನ್ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಟ್ಟು, ಒಮ್ಮೆ ಅದರಿಂದ ಲಾಗಿನ್ ಆಗಿ ಎಲ್ಲ ಸರಿಯಿದೆಯೇ ನೋಡಿ. ಆಮೇಲೆಯೇ ನಿಮ್ಮ ದಿನಬಳಕೆಯ ಅಕೌಂಟನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಈ ಕ್ರಮ ತಿರುಗುಮುರುಗಾಗಬಾರದು. ಫೈಲು, ವಾಲ್‌ಪೇಪರ್, ಉಳಿಸಿಟ್ಟ ಲಾಗಿನ್ ಯಾವುದೂ ಅತ್ತಿತ್ತ ಆಗುವುದಿಲ್ಲ. ಸ್ಲೈಡರನ್ನೂ ಹಾಗೇ ತುದಿಗೆ ಏರಿಸಿಬಿಡಿ.